ಹೊಟ್ಟೆ ಖಾಲಿ ಇದೆ ಅಂತ ಮಾತ್ರೆಗೆ ಗೊತ್ತಿರಲ್ಲ

ಉಪವಾಸ ಮತ್ತು ಆರೋಗ್ಯದ ಬಗ್ಗೆ ಮೊನ್ನೆ ಒಂದು ಸಭೆಯಲ್ಲಿ ಮಾತಾಡಿದ್ದೆ. ಅದನ್ನೇ ಬರೆದು ಕೊಡಿ ಎಂದು ಕೆಲವರು ಕೇಳಿದರು. ಹಾಗಾಗಿ ಇಲ್ಲಿ ಇಳಿಸಿದ್ದೇನೆ. ಮಾತಿನ ಧಾಟಿಯನ್ನು ಜಾಸ್ತಿ ತಿದ್ದಿಲ್ಲ. ನಡುನಡುವೆ ಜನ ಕೇಳಿದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.

ಎಲ್ಲರಿಗೂ ನಮಸ್ಕಾರ.

"ಡಾಕ್ಟ್ರೇ, ಉಪವಾಸ ಒಳ್ಳೆಯದಾ, ಕೆಟ್ಟದ್ದಾ? ಒಂದೇ ಮಾತಲ್ಲಿ ಹೇಳಿಬಿಡಿ." ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಒಂದೇ ಮಾತಲ್ಲಿ ಹೇಳುವುದಕ್ಕೆ ಆಗುವುದಿಲ್ಲ. ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಎಷ್ಟು ಹೊತ್ತು ಉಪವಾಸ ಇರುತ್ತೀರಿ? ನೀರು ಕುಡಿಯುತ್ತೀರಾ? ದಿನಾ ಯಾವ ಮಾತ್ರೆ ತಗೊಳ್ತೀರಿ? ಜನ ಮೊದಲ ಎರಡಕ್ಕೆ ಖುಷಿಯಿಂದ ಉತ್ತರ ಕೊಡುತ್ತಾರೆ. ಮೂರನೆಯದು ಬಂದಾಗ, ಅದಕ್ಕೂ ಇದಕ್ಕೂ ಏನು ಸಂಬಂಧ ಅನ್ನೋ ಹಾಗೆ ನೋಡುತ್ತಾರೆ. ಇವತ್ತು ನಾನು ಬಂದಿರುವುದೇ ಆ ಮೂರನೇ ಪ್ರಶ್ನೆಗಾಗಿ. ಆದರೆ ಅದು ಅರ್ಥ ಆಗಬೇಕಾದರೆ, ಊಟ ಬಿಟ್ಟಾಗ ಮೈಯೊಳಗೆ ಏನು ನಡೆಯುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ಊಟ ಮಾಡಿ ಕೈ ತೊಳೆದ ತಕ್ಷಣ ಉಪವಾಸ ಶುರುವಾಗುವುದಿಲ್ಲ. ಮೂರು ನಾಲ್ಕು ಗಂಟೆ ದೇಹ ಆ ಊಟದ ಮೇಲೇ ನಡೆಯುತ್ತದೆ. ರಕ್ತದಲ್ಲಿ ಗ್ಲೂಕೋಸ್ ಇರುತ್ತದೆ, ಅದನ್ನು ಜೀವಕೋಶಗಳ ಒಳಗೆ ಕಳಿಸುವುದಕ್ಕೆ ಇನ್ಸುಲಿನ್ ಇರುತ್ತದೆ, ಮಿಕ್ಕಿದ್ದು ಲಿವರ್‌ನಲ್ಲಿ ಗ್ಲೈಕೋಜನ್ ಆಗಿ ಕೂರುತ್ತದೆ. ಹೊಟ್ಟೆ ಖಾಲಿ ಆದಮೇಲೆ ಲಿವರ್ ಈ ಗಂಟನ್ನು ಬಿಚ್ಚುತ್ತದೆ. ಸ್ವಲ್ಪ ಸ್ವಲ್ಪವೇ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ನಾವೆಲ್ಲ ರಾತ್ರಿ ಮಲಗಿದಾಗ ಬದುಕುವುದು ಹೀಗೇ. ಆ ಲೆಕ್ಕದಲ್ಲಿ ಪ್ರತಿಯೊಬ್ಬರೂ ದಿನಾ ಒಂದು ಸಣ್ಣ ಉಪವಾಸ ಮಾಡಿಯೇ ಮಾಡುತ್ತಾರೆ.

ಲಿವರ್‌ನಲ್ಲಿರುವ ಗಂಟು ಎಷ್ಟು ದೊಡ್ಡದು? ಸುಮಾರು 100 ಗ್ರಾಂ, ಅಷ್ಟೇ. ಮೆದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಅಂದರೆ ಒಂದು ದಿನಕ್ಕೂ ಸಾಲದು. ಸ್ನಾಯುಗಳಲ್ಲಿ ಇದರ ಮೂರು ನಾಲ್ಕು ಪಟ್ಟು ಗ್ಲೈಕೋಜನ್ ಇದೆ, ಆದರೆ ಅದನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಸ್ನಾಯುಗಳ ಹತ್ತಿರ ಇಲ್ಲ. ಅದು ಸ್ವಂತ ಖರ್ಚಿಗೆ ಎತ್ತಿಟ್ಟುಕೊಂಡ ದುಡ್ಡು, ಬೇರೆಯವರಿಗೆ ಸಾಲ ಸಿಗುವುದಿಲ್ಲ. ಹಾಗಾಗಿ ಹೊತ್ತು ಕಳೆದಂತೆ ಲಿವರ್ ಹೊಸದಾಗಿ ಗ್ಲೂಕೋಸ್ ತಯಾರಿಸಲು ಹೊರಡುತ್ತದೆ. ಸ್ನಾಯುವಿನ ಪ್ರೋಟೀನ್ ಒಡೆದು ಬಂದ ಅಮೈನೋ ಆಮ್ಲ, ಕೊಬ್ಬು ಒಡೆದು ಬಂದ ಗ್ಲಿಸರಾಲ್, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಳಸುತ್ತದೆ. ಇನ್ನೊಂದು ಕಡೆ ಕೊಬ್ಬಿನಿಂದ ಕೀಟೋನ್ ಎಂಬ ಪದಾರ್ಥಗಳನ್ನು ಮಾಡುತ್ತದೆ. ಎರಡು ಮೂರು ದಿನ ಕಳೆಯುವ ಹೊತ್ತಿಗೆ ಇವು ರಕ್ತದಲ್ಲಿ ಚೆನ್ನಾಗಿ ಏರಿರುತ್ತವೆ.

ಈ ಕೀಟೋನ್ ವಿಷಯ ನನಗೆ ಇವತ್ತಿಗೂ ಬೆರಗು. ಮೆದುಳು ಗ್ಲೂಕೋಸ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದೇ ಬಹಳ ಕಾಲ ನಂಬಿದ್ದರು. 1967ರಲ್ಲಿ ಅಮೆರಿಕದಲ್ಲಿ ಆಲಿವರ್ ಓವನ್, ಜಾರ್ಜ್ ಕೇಹಿಲ್ ಮತ್ತು ಅವರ ಜೊತೆಗಾರರು, ಐದಾರು ವಾರ ಉಪವಾಸವಿದ್ದ ಸ್ಥೂಲಕಾಯದ ಮೂವರಲ್ಲಿ, ಮೆದುಳಿಗೆ ಹೋಗುವ ರಕ್ತದಲ್ಲೂ ಅಲ್ಲಿಂದ ಹೊರಗೆ ಬರುವ ರಕ್ತದಲ್ಲೂ ಏನೇನಿದೆ ಎಂದು ಅಳೆದು ನೋಡಿದರು. ಮೆದುಳಿನ ಹೆಚ್ಚಿನ ಪಾಲು ಕೀಟೋನ್ ಮೇಲೆ ನಡೆಯುತ್ತಿತ್ತು! ಇದರಿಂದ ಉಳಿಯುವುದು ಸ್ನಾಯು. ಉಪವಾಸದ ಮೊದಲ ದಿನಗಳಲ್ಲಿ ದಿನಕ್ಕೆ ಸುಮಾರು 75 ಗ್ರಾಂ ಪ್ರೋಟೀನ್ ಕರಗುತ್ತದೆ. ಮೆದುಳು ಕೀಟೋನ್‌ಗೆ ಹೊಂದಿಕೊಂಡ ಮೇಲೆ ಅದು ಸುಮಾರು 20 ಗ್ರಾಂಗೆ ಇಳಿಯುತ್ತದೆ. ಇಲ್ಲದಿದ್ದರೆ ದೀರ್ಘ ಬರಗಾಲಗಳಲ್ಲಿ ಮನುಷ್ಯ ಉಳಿಯುತ್ತಲೇ ಇರಲಿಲ್ಲ.

ಇಲ್ಲಿ ಒಬ್ಬ ಹುಡುಗ ಕೈ ಎತ್ತಿದ. "ಸರ್, ಅಂದ್ರೆ ಮೊದಲ ದಿನ ಕರಗೋದು ಕೊಬ್ಬಲ್ಲ, ಸ್ನಾಯುನಾ?" ಎರಡೂ ಕರಗುತ್ತವೆ ಕಣಪ್ಪ. ಕೊಬ್ಬು ಮೊದಲ ದಿನದಿಂದಲೇ ಉರಿಯುತ್ತದೆ. ಅದರ ಜೊತೆ ಸ್ವಲ್ಪ ಸ್ನಾಯುವೂ ಹೋಗುತ್ತದೆ. ನಿನ್ನ ವಯಸ್ಸಿನವರು ಮರುದಿನ ಚೆನ್ನಾಗಿ ತಿಂದು, ವ್ಯಾಯಾಮ ಮಾಡಿ ಅದನ್ನು ವಾಪಸ್ ಕಟ್ಟಿಕೊಳ್ಳುತ್ತಾರೆ. 70 ದಾಟಿದವರಿಗೆ ಅದು ಕಷ್ಟ. ವಯಸ್ಸಾದವರಲ್ಲಿ ಹೋದ ಸ್ನಾಯು ಸುಲಭವಾಗಿ ಬರುವುದಿಲ್ಲ, ಸ್ನಾಯು ಇಲ್ಲದಿದ್ದರೆ ಕಾಲಲ್ಲಿ ಬಲ ಇರುವುದಿಲ್ಲ, ಬಲ ಇಲ್ಲದಿದ್ದರೆ ಬೀಳುತ್ತಾರೆ, ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಹಾಗಾಗಿ ತೆಳ್ಳಗಿರುವ ಅಜ್ಜ ಅಜ್ಜಿಯರು ವಾರಕ್ಕೆರಡು ದಿನ ಊಟ ಬಿಡುತ್ತೇನೆ ಅಂದರೆ ನಾನು ಬೇಡ ಎಂದೇ ಹೇಳುತ್ತೇನೆ.

ತೂಕದ ಪ್ರಶ್ನೆ. ಒಂದೇ ದಿನ ಊಟ ಬಿಟ್ಟೆ, ಒಂದೂವರೆ ಕಿಲೋ ಇಳಿದೆ ಅನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ನಿಮಗೆ ದಿನಕ್ಕೆ 2,000 ಕ್ಯಾಲೊರಿ ಬೇಕು ಅಂದುಕೊಳ್ಳಿ. ಪೂರ್ತಿ ದಿನ ಏನೂ ತಿನ್ನದೆ, ಅಷ್ಟೂ ಶಕ್ತಿ ಕೊಬ್ಬಿನಿಂದಲೇ ಬಂದರೂ ಕಾಲು ಕಿಲೋ ದಾಟುವುದು ಕಷ್ಟ. ಮಿಕ್ಕ ತೂಕ ಎಲ್ಲಿ ಹೋಯ್ತು? ನೀರು. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ, ಗ್ಲೈಕೋಜನ್ ಖರ್ಚಾದರೆ ನೀರೂ ಹೊರಟುಹೋಗುತ್ತದೆ. ಮತ್ತೆ, ಕರುಳಲ್ಲಿ ಆಹಾರ ಇಲ್ಲದಿರುವುದೇ ಒಂದಷ್ಟು ತೂಕ. ಎರಡು ದಿನ ಮಾಮೂಲಿ ಊಟ ಮಾಡಿದರೆ ಅದೆಲ್ಲ ವಾಪಸ್ ಬರುತ್ತದೆ. ಆಗ, ನನ್ನ ಮೈ ಗಾಳಿ ಕುಡಿದರೂ ದಪ್ಪ ಆಗುತ್ತೆ ಎಂದು ಬೇಜಾರು ಮಾಡಿಕೊಳ್ಳಬೇಡಿ. ಹೋಗಿದ್ದ ನೀರು ಬಂದಿದೆ, ಅಷ್ಟೇ.

ದಿನಕ್ಕೆ ಎಂಟು ಗಂಟೆಯೊಳಗೆ ಊಟ ಮುಗಿಸಿ ಹದಿನಾರು ಗಂಟೆ ಬಿಡುವ ಪದ್ಧತಿ ಈಗ ಬಹಳ ಜನಪ್ರಿಯ. ಅದರಿಂದ ತೂಕ ಇಳಿಯುತ್ತಾ? ಹಲವರಿಗೆ ಇಳಿಯುತ್ತದೆ, ಯಾಕೆಂದರೆ ರಾತ್ರಿ ಹತ್ತರ ಕುರುಕಲು ನಿಲ್ಲುತ್ತದೆ. ಚೀನಾದಲ್ಲಿ ಸ್ಥೂಲಕಾಯದ 139 ಜನರನ್ನು ಒಂದು ವರ್ಷ ನೋಡಿದ ಒಂದು ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿಗೆ ಕ್ಯಾಲೊರಿ ಕಡಿಮೆ ಮಾಡಿದ್ದರು. ಒಂದು ಗುಂಪು ಬೆಳಿಗ್ಗೆ 8ರಿಂದ ಸಂಜೆ 4ರ ಒಳಗೆ ಮಾತ್ರ ತಿನ್ನಬೇಕಿತ್ತು. ವರ್ಷದ ಕೊನೆಗೆ ಎರಡೂ ಗುಂಪಿನ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗಡಿಯಾರದಲ್ಲಿ ಮಂತ್ರ ಇಲ್ಲ. ಆದರೆ ತಟ್ಟೆ ಅಳೆದು ತಿನ್ನುವುದಕ್ಕಿಂತ ಗಡಿಯಾರ ನೋಡಿ ತಿನ್ನುವುದು ನಿಮಗೆ ಸುಲಭ ಅನಿಸಿದರೆ, ಮೈಯಲ್ಲಿ ಬೇರೆ ಕಾಯಿಲೆ ಇಲ್ಲದಿದ್ದರೆ, ಮಾಡಿ.

ಊಟ ಬಿಟ್ಟರೆ ದೇಹದ ಒಳಗಿನ ಬೆಂಕಿ ಆರಿಹೋಗುತ್ತದಂತೆ, ಆಮೇಲೆ ಏನು ತಿಂದರೂ ಕರಗುವುದಿಲ್ಲವಂತೆ, ನಿಜವಾ ಅಂತ ಒಬ್ಬರು ಕೇಳಿದರು. ಒಂದು ದಿನ, ಒಂದೂವರೆ ದಿನದ ಉಪವಾಸದಲ್ಲಿ ಹಾಗೆ ಆಗುವುದಿಲ್ಲ. ವಾರಗಟ್ಟಲೆ ಅರೆಹೊಟ್ಟೆ ಇದ್ದರೆ ಮಾತ್ರ ದೇಹ ನಿಜವಾಗಿಯೂ ಖರ್ಚು ತಗ್ಗಿಸುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಅವರೆಲ್ಲ ಸ್ವಇಚ್ಛೆಯಿಂದ ಬಂದಿದ್ದವರು. ಮೈ ತಣ್ಣಗಾಯಿತು, ಎದೆಬಡಿತ ನಿಧಾನವಾಯಿತು. ಮನಸ್ಸು ಕುಗ್ಗಿತು, ಊಟದ ವಿಷಯ ಬಿಟ್ಟು ಬೇರೆ ಯೋಚನೆಯೇ ಬರುತ್ತಿರಲಿಲ್ಲ. ತೂಕ ಇಳಿಸುವ ಹಟದಲ್ಲಿ ತಿಂಗಳುಗಟ್ಟಲೆ ಅರೆಹೊಟ್ಟೆ ಇರುವ ಹೆಣ್ಣುಮಕ್ಕಳು ನನ್ನ ಮುಂದೆ ಕೂತು ಇದನ್ನೇ ಹೇಳಿದಾಗ ನನಗೆ ಈ 36 ಜನ ನೆನಪಾಗುತ್ತಾರೆ. ಹಸಿವು ಹೊಟ್ಟೆಯಲ್ಲಿ ಮಾತ್ರ ಇರುವುದಿಲ್ಲ. ಹಿಂದೆ ಎಂದಾದರೂ ಊಟದ ಬಗ್ಗೆ ಅಂಥ ಗೀಳು ಇದ್ದವರು, ತಿಂದು ವಾಂತಿ ಮಾಡಿಕೊಳ್ಳುವ ಅಭ್ಯಾಸ ಇದ್ದವರು, ದಯವಿಟ್ಟು ಉಪವಾಸದ ಸಹವಾಸಕ್ಕೆ ಹೋಗಬೇಡಿ.

ಸಣ್ಣಪುಟ್ಟ ತೊಂದರೆಗಳನ್ನು ಬೇಗ ಮುಗಿಸುತ್ತೇನೆ. ತಲೆನೋವು ಬಹಳ ಜನಕ್ಕೆ ಬರುತ್ತದೆ. ಅದಕ್ಕೆ ಹಸಿವಿಗಿಂತ ಕಾಫಿ ಟೀ ತಪ್ಪಿದ್ದು ಕಾರಣ ಇರಬಹುದು. ಕೆಫೀನ್ ನಿಲ್ಲಿಸಿದ 12ರಿಂದ 24 ಗಂಟೆಯಲ್ಲಿ ಈ ನೋವು ಶುರುವಾಗುತ್ತದೆ. ಮೊದಲೇ ಗೊತ್ತಿದ್ದರೆ ಎರಡು ಮೂರು ದಿನ ಮುಂಚಿನಿಂದ ಕಾಫಿಯನ್ನು ಕಡಿಮೆ ಮಾಡುತ್ತಾ ಬನ್ನಿ. ಬಾಯಿ ವಾಸನೆ ಬರುವುದು ಎರಡು ಕಾರಣಕ್ಕೆ. ಜೊಲ್ಲು ಕಡಿಮೆ ಆಗಿ ಬಾಯಿ ಒಣಗುತ್ತದೆ, ಕೀಟೋನ್‌ಗಳಲ್ಲಿ ಒಂದಾದ ಅಸಿಟೋನ್ ಉಸಿರಲ್ಲಿ ಬರುತ್ತದೆ. ಅದರಿಂದ ಅಪಾಯವೇನಿಲ್ಲ. ಗ್ಯಾಸ್ಟ್ರಿಕ್ ಅಂತೀರಲ್ಲ, ಆ ಉರಿ ಯಾಕೆಂದರೆ ಊಟ ಬರದಿದ್ದರೂ ಹೊಟ್ಟೆ ಸ್ವಲ್ಪ ಆಮ್ಲ ಸುರಿಸುತ್ತಲೇ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್‌ನಂಥ ನೋವಿನ ಮಾತ್ರೆ ಮಾತ್ರ ನುಂಗಬೇಡಿ, ಹಳೇ ಹುಣ್ಣು ಇದ್ದವರಂತೂ ಖಂಡಿತ ಬೇಡ.

ತಲೆಸುತ್ತಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಇನ್ಸುಲಿನ್ ಇಳಿದಾಗ ಕಿಡ್ನಿಗಳು ಉಪ್ಪನ್ನು ಜಾಸ್ತಿ ಹೊರಗೆ ಹಾಕುತ್ತವೆ. ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಊಟದಿಂದ ಬರುತ್ತಿದ್ದ ನೀರೂ ತಪ್ಪಿರುತ್ತದೆ. ನಮ್ಮ ದಿನದ ನೀರಿನಲ್ಲಿ ಸುಮಾರು ಐದನೇ ಒಂದು ಪಾಲು ಆಹಾರದಿಂದಲೇ ಬರುವುದು. ಇಷ್ಟೂ ಸೇರಿ ಬಿಪಿ ಇಳಿಯುತ್ತದೆ, ಕೂತವರು ದಢಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ನೀರು ಕುಡಿಯುವ ಉಪವಾಸ ಬೇರೆ, ನೀರೂ ಬಿಡುವ ಉಪವಾಸ ಬೇರೆ. ಊಟವಿಲ್ಲದೆ ದೇಹ ವಾರಗಳನ್ನು ನೂಕಬಹುದು, ನೀರಿಲ್ಲದೆ ಕೆಲವೇ ದಿನ. ಕಿಡ್ನಿ ತೊಂದರೆ ಇದ್ದವರಿಗೆ, ಕಿಡ್ನಿ ಕಲ್ಲು ಆಗುವವರಿಗೆ, ಬಿಸಿಲಲ್ಲಿ ದುಡಿಯುವವರಿಗೆ ನೀರು ಬಿಡುವುದು ದೊಡ್ಡ ಹೊರೆ. ಇನ್ನು ಗೌಟ್, ಅಂದರೆ ಯೂರಿಕ್ ಆಮ್ಲ ಸೇರಿಕೊಂಡು ಕೀಲು ಊದುವ ಕಾಯಿಲೆ, ಇರುವವರು ಗಮನಿಸಿ, ಕೀಟೋನ್ ಏರಿದಾಗ ಯೂರಿಕ್ ಆಮ್ಲ ಮೂತ್ರದಲ್ಲಿ ಸರಿಯಾಗಿ ಹೋಗುವುದಿಲ್ಲ, ಉಪವಾಸದ ಬೆನ್ನಿಗೇ ಕಾಲಿನ ಹೆಬ್ಬೆರಳು ಊದಿಕೊಂಡು ಬರುವವರನ್ನು ನಾನು ನೋಡಿದ್ದೇನೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಕೇಳಿದ್ದು, "ಉಪವಾಸದಿಂದ ಮೈಯಲ್ಲಿರೋ ವಿಷ ಎಲ್ಲ ಹೊರಗೆ ಹೋಗುತ್ತಂತಲ್ಲ?" ವಿಷ ತೆಗೆಯುವ ಕೆಲಸವನ್ನು ಲಿವರ್, ಕಿಡ್ನಿಗಳು ನೀವು ಉಂಡಾಗಲೂ ಮಾಡುತ್ತವೆ, ಉಣ್ಣದಿದ್ದಾಗಲೂ ಮಾಡುತ್ತವೆ. ಅವಕ್ಕೆ ರಜೆ ಅನ್ನುವುದೇ ಇಲ್ಲ. ನೀವು ಕೇಳಿರುವುದು ಬಹುಶಃ ಆಟೊಫೇಜಿ ಬಗ್ಗೆ. ಜೀವಕೋಶ ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ತಾನೇ ಒಡೆದು ಮರುಬಳಕೆ ಮಾಡುವ ಕ್ರಿಯೆ ಅದು. ಜಪಾನಿನ ಯೋಶಿನೋರಿ ಓಸುಮಿ ಯೀಸ್ಟ್ ಕೋಶಗಳನ್ನು ಹಸಿವಿಗೆ ಕೆಡವಿ ಇದರ ಗುಟ್ಟು ಬಿಡಿಸಿದರು, 2016ರಲ್ಲಿ ಅವರಿಗೆ ನೊಬೆಲ್ ಬಂತು. ಅದ್ಭುತ ಕೆಲಸ. ಆದರೆ ಅದನ್ನು ಹಿಡಿದುಕೊಂಡು, 16ನೇ ಗಂಟೆಗೆ ಶುದ್ಧಿ ಶುರು, 24ನೇ ಗಂಟೆಗೆ ಕ್ಯಾನ್ಸರ್ ಕೋಶ ಖಾಲಿ ಅಂತ ಚಿತ್ರ ಮಾಡಿ ಹಂಚುತ್ತಾರಲ್ಲ, ಮನುಷ್ಯರ ವಿಷಯದಲ್ಲಿ ಹಾಗೆ ಗಂಟೆ ಲೆಕ್ಕ ಹೇಳುವಷ್ಟು ಪುರಾವೆ ಇಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಅದನ್ನು ನಂಬಿ ಊಟ ಬಿಟ್ಟರೆ, ಇರುವ ಶಕ್ತಿಯೂ ಹೋಗುತ್ತದೆ. ಇದನ್ನು ನಾನು ಕೈಮುಗಿದು ಹೇಳುತ್ತೇನೆ.

ಈಗ ಆ ಮೂರನೇ ಪ್ರಶ್ನೆಗೆ ಬರುತ್ತೇನೆ, ಮಾತ್ರೆ.

ನನ್ನ ಚಿಕ್ಕಪ್ಪನಿಗೆ ಶುಗರ್ ಇತ್ತು. ನಾನು ಆಗ ಹೊಸದಾಗಿ ಡಾಕ್ಟರ್ ಆಗಿದ್ದೆ. ಮಾತ್ರೆ ಒಂದು ದಿನವೂ ತಪ್ಪಿಸಬಾರದು ಚಿಕ್ಕಪ್ಪ ಎಂದು ನಾನೇ ಅವರಿಗೆ ಹತ್ತು ಸಲ ಹೇಳಿದ್ದೆ. ಅವರು ತಪ್ಪಿಸುತ್ತಿರಲಿಲ್ಲ. ಒಂದು ದಿನ ಅವರು ಉಪವಾಸ ಹಿಡಿದರು, ಬೆಳಿಗ್ಗೆ ಎದ್ದು ನನ್ನ ಮಾತಿನಂತೆ ಮಾತ್ರೆಯನ್ನೂ ನುಂಗಿದರು. ಮಧ್ಯಾಹ್ನದ ಹೊತ್ತಿಗೆ ಸುಮ್ನೆ ಸುಮ್ನೆ ಸಿಟ್ಟು ಮಾಡಿದರು, ಮೈಯೆಲ್ಲ ಬೆವರಿತು, ಸಂಜೆ ಮಾತು ತೊದಲಿತು. ಪಾಪ ಸುಸ್ತಾಗಿದ್ದಾರೆ, ಮಲಗಲಿ ಬಿಡಿ ಎಂದು ಮನೆಯವರು ಹೊದಿಸಿ ಮಲಗಿಸಿದರು. ನಾನು ಹೋಗಿ ನೋಡಿದಾಗ ಎಬ್ಬಿಸಿದರೂ ಏಳುತ್ತಿರಲಿಲ್ಲ. ಶುಗರ್ ನೋಡಿದರೆ 38ಕ್ಕೆ ಇಳಿದಿತ್ತು. ಅವರು ಬದುಕಿಕೊಂಡರು. ಆದರೆ ಊಟ ಬಿಟ್ಟ ದಿನ ಆ ಮಾತ್ರೆಯನ್ನು ಏನು ಮಾಡಬೇಕು ಎಂದು ನಾನು ಅವರಿಗೆ ಒಂದು ಸಲವೂ ಹೇಳಿರಲಿಲ್ಲ. ಅದಕ್ಕೇ ಈಗ ಹೋದಲ್ಲೆಲ್ಲ ಹೇಳುತ್ತೇನೆ.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್, ಈ ಜಾತಿಯ ಮಾತ್ರೆಗಳು ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಬಿಡಿಸುತ್ತವೆ. ನೀವು ಉಂಡಿದ್ದೀರೋ ಇಲ್ಲವೋ ಎಂದು ಅವು ವಿಚಾರಿಸುವುದಿಲ್ಲ. ಸೂಜಿಯಲ್ಲಿ ತಗೊಳ್ಳುವ ಇನ್ಸುಲಿನ್ ಕೂಡ ಹಾಗೇ. ಆಗ ಇಳಿದ ಶುಗರ್ ಇಳಿಯುತ್ತಲೇ ಹೋಗುತ್ತದೆ. ಮೆಟ್‌ಫಾರ್ಮಿನ್ ಒಂದೇ ತಗೊಳ್ಳುವವರಿಗೆ ಈ ಭಯ ಬಹಳ ಕಡಿಮೆ. ಇನ್ನೊಂದು ಗುಂಪು ಇದೆ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಇವುಗಳ ತೊಂದರೆ ಬೇರೆ ಥರ. ದೀರ್ಘವಾಗಿ ಊಟ ಬಿಟ್ಟಾಗ ಕೀಟೋನ್ ಮಿತಿಮೀರಿ ಏರಿ ರಕ್ತ ಆಮ್ಲವಾಗಬಹುದು, ಅದೂ ಮೀಟರ್‌ನಲ್ಲಿ ಶುಗರ್ ಅಂಥಾ ಏನೂ ಜಾಸ್ತಿ ಕಾಣದೆ. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಬಂದರೆ, ಶುಗರ್ ಚೆನ್ನಾಗೇ ಇದೆಯಲ್ಲ ಎಂದು ಮನೆಯಲ್ಲಿ ಕೂರಬೇಡಿ. ಟೈಪ್ 1 ಡಯಾಬಿಟಿಸ್, ಅಂದರೆ ಮೈಯಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರೇ ಆಗದ ಕಾಯಿಲೆ, ಇರುವವರಂತೂ, ಊಟ ಇಲ್ಲವಲ್ಲ ಎಂದು ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಶುಗರ್ 70ಕ್ಕಿಂತ ಕೆಳಗೆ ಬಂತು, ಅಥವಾ ಮೀಟರ್ ಇಲ್ಲ ಆದರೆ ನಡುಕ, ಬೆವರು, ಎದೆ ಡವಡವ, ಮಾತಿನಲ್ಲಿ ಗೊಂದಲ ಇದೆ ಅಂದರೆ ಉಪವಾಸ ಅಲ್ಲಿಗೆ ಮುಗಿಯಿತು. ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಕೊಡಿ, ಆಮೇಲೆ ಊಟ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಲಗಲಿ ಬಿಡಿ ಅನ್ನಬೇಡಿ.

ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ತಗೊಳ್ಳುವವರು ನೀರೂ ಬಿಟ್ಟರೆ ಬಿದ್ದೇ ಬೀಳುತ್ತಾರೆ. ಫಿಟ್ಸ್ ಮಾತ್ರೆ, ಬಹಳ ದಿನದಿಂದ ತಗೊಳ್ಳುತ್ತಿರುವ ಸ್ಟೀರಾಯ್ಡ್ ಮಾತ್ರೆ, ಇವನ್ನು ಯಾವ ಉಪವಾಸಕ್ಕೂ ತಪ್ಪಿಸಬಾರದು. ಬಸುರಿಯರು, ಎಳೆ ಮಗುವಿಗೆ ಹಾಲು ಕುಡಿಸುವವರು, ಮಕ್ಕಳು ಉಪವಾಸ ಮಾಡುವುದು ಬೇಡ. ಇದನ್ನು ಎಳೆದು ಹೇಳುವ ಅಗತ್ಯವಿಲ್ಲ ಅಂದುಕೊಳ್ಳುತ್ತೇನೆ.

ಉದ್ದದ ಉಪವಾಸದ ಬಗ್ಗೆ ಒಬ್ಬರು ಕೇಳಿದರು. ಸ್ಕಾಟ್ಲೆಂಡಿನಲ್ಲಿ ಒಬ್ಬ ಒಂದು ವರ್ಷಕ್ಕಿಂತ ಜಾಸ್ತಿ ಊಟ ಬಿಟ್ಟಿದ್ದನಂತೆ, ಹೌದಾ? ಹೌದು. ಆಂಗಸ್ ಬಾರ್ಬಿಯೆರಿ. 1965ರಿಂದ 66ರವರೆಗೆ 382 ದಿನ. ಸುಮಾರು 207 ಕಿಲೋ ಇದ್ದವನು 82ಕ್ಕೆ ಬಂದ. ಆದರೆ ಆ ಕತೆ ಹೇಳುವವರು ಮುಕ್ಕಾಲು ಭಾಗ ನುಂಗಿಬಿಡುತ್ತಾರೆ. ಅವನು ಆಸ್ಪತ್ರೆಯ ಕಣ್ಗಾವಲಲ್ಲಿದ್ದ, ವಿಟಮಿನ್, ಪೊಟ್ಯಾಸಿಯಂ ಕೊಡುತ್ತಿದ್ದರು, ಆಗಾಗ ರಕ್ತ ಪರೀಕ್ಷೆ ಮಾಡುತ್ತಿದ್ದರು, ಮೈಮೇಲೆ ನೂರು ಕಿಲೋಗೂ ಮೀರಿ ಹೆಚ್ಚುವರಿ ತೂಕ ಇತ್ತು. ಅದೇ ಕಾಲದಲ್ಲಿ ಹೀಗೆ ಉದ್ದದ ಉಪವಾಸದಲ್ಲಿದ್ದ ಬೇರೆ ರೋಗಿಗಳು ಸತ್ತ ವರದಿಗಳೂ ಇವೆ.

ಉದ್ದದ ಉಪವಾಸದಲ್ಲಿ ತುಂಬಾ ಅಪಾಯದ ಗಳಿಗೆ ಅದನ್ನು ಮುರಿಯುವಾಗ ಬರುತ್ತದೆ. ಐದು ದಿನಕ್ಕಿಂತ ಜಾಸ್ತಿ ಹೆಚ್ಚುಕಡಿಮೆ ಏನೂ ತಿನ್ನದವರು ಒಮ್ಮೆಲೇ ಹೊಟ್ಟೆತುಂಬ ತಿಂದರೆ ಇನ್ಸುಲಿನ್ ಧುಮುಕಿ ಬರುತ್ತದೆ. ಅದು ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ಕೋಶಗಳ ಒಳಗೆ ತಳ್ಳುತ್ತದೆ. ರಕ್ತದಲ್ಲಿ ಅವು ಬರಿದಾಗಿ ಹೃದಯದ ಬಡಿತವೇ ತಾಳ ತಪ್ಪಬಹುದು. ಎರಡನೇ ಮಹಾಯುದ್ಧ ಮುಗಿದಾಗ, ಹಸಿದು ಬಿಡುಗಡೆಯಾದ ಸೆರೆಯಾಳುಗಳಲ್ಲಿ ಕೆಲವರು ಊಟ ಸಿಕ್ಕ ಮೇಲೆ ಸತ್ತರು. ಬಡಿಸಿದವರು ಪ್ರೀತಿಯಿಂದಲೇ ಬಡಿಸಿದ್ದರು. ಅಂಥ ಉಪವಾಸ ಮುರಿಯುವುದನ್ನು ಆಸ್ಪತ್ರೆಯಲ್ಲೇ ಮಾಡಬೇಕು. ಒಂದು ದಿನದ ಉಪವಾಸಕ್ಕೆ ಈ ಭಯ ಬೇಡ. ಮೊದಲು ನೀರು, ಆಮೇಲೆ ಸ್ವಲ್ಪ ಹಗುರವಾದ್ದು, ಕರಿದದ್ದನ್ನೂ ಸಿಹಿಯನ್ನೂ ರಾಶಿ ಹಾಕಿಕೊಂಡು ಕೂರದಿದ್ದರೆ ಸಾಕು.

ಆಪರೇಷನ್ ಮುಂಚೆ ಯಾಕೆ ಉಪವಾಸ ಅಂತ ಒಂದು ಚೀಟಿ ಬಂದಿತ್ತು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿ ಇರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದು, ಅದಕ್ಕೆ. ಬಹಳ ಕಡೆ ಹಗುರ ಊಟಕ್ಕೆ ಆರು ಗಂಟೆ, ಬರೀ ನೀರಿಗೆ ಎರಡು ಗಂಟೆಯ ನಿಯಮ ಇದೆ. ನಿಮಗೆ ಅರಿವಳಿಕೆ ಕೊಡುವವರು ಹೇಳಿದ್ದೇ ಅಂತಿಮ. ಗುಟ್ಟಾಗಿ ಬಿಸ್ಕತ್ತು ತಿಂದಿದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ, ಆಪರೇಷನ್ ಒಂದು ದಿನ ಮುಂದೆ ಹೋದರೆ ಏನೂ ಹೋಗುವುದಿಲ್ಲ.

ಸಭೆ ಮುಗಿದು ಎಲ್ಲರೂ ಏಳುತ್ತಿದ್ದಾಗ ಒಬ್ಬ ಅಮ್ಮ ಹತ್ತಿರ ಬಂದರು. ಚೀಲದಿಂದ ಮೂರು ಮಾತ್ರೆಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. "ಇದರಲ್ಲಿ ನೀವು ಹೇಳಿದ್ದು ಯಾವುದಾದ್ರೂ ಇದೆಯೇನಪ್ಪಾ?" ಒಂದು ಥೈರಾಯ್ಡ್‌ದು, ಅದನ್ನು ಹೇಗೂ ಖಾಲಿ ಹೊಟ್ಟೆಯಲ್ಲೇ ತಗೊಳ್ಳುವುದು, ಚಿಂತೆಯಿಲ್ಲ. ಇನ್ನೊಂದು ಬಿಪಿದು. ಮೂರನೆಯದು ಗ್ಲಿಮೆಪಿರೈಡ್. ತಿಂಗಳಿಗೆ ಎರಡು ದಿನ ಊಟ ಬಿಡುತ್ತಾರಂತೆ, ಹನ್ನೊಂದು ವರ್ಷದಿಂದ. ಆ ದಿನಗಳಲ್ಲಿ ಸಂಜೆ ಕೈ ನಡುಗುತ್ತದೆ, ವಯಸ್ಸಾಯ್ತಲ್ಲ ಅದಕ್ಕೆ ಅಂದುಕೊಂಡಿದ್ದರು. ಮಾತ್ರೆಯ ಪ್ರಮಾಣ ಬದಲಿಸುವುದು ಅವರನ್ನು ದಿನಾ ನೋಡುವ ಡಾಕ್ಟರ ಕೆಲಸ, ಸಭೆಯಲ್ಲಿ ನಿಂತುಕೊಂಡು ನಾನು ಮಾಡುವಂಥದ್ದಲ್ಲ. ಆದ್ದರಿಂದ ಒಂದು ಚೀಟಿ ತೆಗೆದುಕೊಂಡು, ಅವರಿಗೆ ಕಾಣುವ ಹಾಗೆ ದೊಡ್ಡ ಅಕ್ಷರದಲ್ಲಿ, ಡಾಕ್ಟರಿಗೆ ತೋರಿಸಲು ಬರೆದುಕೊಟ್ಟೆ. "ನಾನು ತಿಂಗಳಿಗೆ ಎರಡು ದಿನ ಊಟ ಮಾಡುವುದಿಲ್ಲ. ಆ ದಿನ ಈ ಮಾತ್ರೆಯನ್ನು ಏನು ಮಾಡಲಿ?"